ನಿಮಗಿದು ಗೊತ್ತೇ? ದೋರನಹಳ್ಳಿಯ ಬಿಸಿಲಿಗೆ ಫ್ರಿಜ್ ಓಡುತ್ತದೆ!

ಏಪ್ರಿಲ್ ಬಂತೆಂದರೆ ಶಹಾಪುರ ತಾಲ್ಲೂಕಿನ ದೋರನಹಳ್ಳಿಯಲ್ಲಿ ಮಧ್ಯಾಹ್ನ ಬೀದಿಗಿಳಿಯುವವರೇ ಇಲ್ಲ. ಯಾದಗಿರಿ ಜಿಲ್ಲೆಯಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟಿದರೆ ಅದು ಸುದ್ದಿಯೇ ಅಲ್ಲ. ಆದರೆ ಇದು ಸುದ್ದಿ: ಅದೇ ಬಿಸಿಲಿನಿಂದ ಮಂಜುಗಡ್ಡೆ ಮಾಡಬಹುದು! ಹೊಲದ ನಡುವೆ, ಕರೆಂಟಿನ ಕಂಬವೇ ಕಾಣದ ಜಾಗದಲ್ಲಿ, ಒಂದು ಸೋಲಾರ್ ಪ್ಲೇಟು, ಒಂದು ಬ್ಯಾಟರಿ, ಇಬ್ಬರು ಹಿಡಿದು ಎತ್ತಿಡುವಂಥ ಪುಟ್ಟ ಫ್ರಿಜ್. ಇಷ್ಟೇ ಸಾಮಾನು!

ಈ ಪುಟ್ಟ ಫ್ರಿಜ್ ಎಷ್ಟು ಕರೆಂಟ್ ತಿನ್ನುತ್ತದೆ ಹೇಳಿ ನೋಡೋಣ. ಪ್ರವಾಸಿಗರು ಜೀಪಿನಲ್ಲಿಟ್ಟು ಕಾಡುಮೇಡು ಸುತ್ತುವ 40–45 ಲೀಟರಿನ ಪೆಟ್ಟಿಗೆ ಇದು. ಓಡುವಾಗ ಎಳೆಯುವುದು ಸುಮಾರು 50 ವ್ಯಾಟ್. ಹಳೇ ಕಾಲದ ಗುಂಡು ಬಲ್ಬು ನೆನಪಿದೆಯಲ್ಲ, 60 ವ್ಯಾಟಿನದು? ಅದಕ್ಕಿಂತ ಕಡಿಮೆ! ಅದೂ ಇಡೀ ದಿನ ಓಡುವುದಿಲ್ಲ. ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಕಡುಬೇಸಿಗೆಯಲ್ಲೂ ದಿನಕ್ಕೆ ಅರ್ಧ ಯೂನಿಟ್ಟಿನ ಆಸುಪಾಸು ಸಾಕು!

ಫ್ರಿಜ್ ತಂಪನ್ನು ತಯಾರಿಸುವುದೇ ಇಲ್ಲ, ಗೊತ್ತೇ? ಪೆಟ್ಟಿಗೆಯೊಳಗಿನ ಶಾಖವನ್ನು ಹೊತ್ತು ಹೊರಗೆ ಸುರಿಯುತ್ತದೆ, ಅಷ್ಟೇ. ನಂಬಿಕೆ ಬಾರದಿದ್ದರೆ ಅದರ ಬೆನ್ನು ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಕೋಣೆಯ ಕಿಟಕಿ ಬಾಗಿಲು ಮುಚ್ಚಿ, ಫ್ರಿಜ್ಜಿನ ಬಾಗಿಲು ತೆರೆದಿಟ್ಟು ಕೂತರೆ ಏನಾಗುತ್ತದೆ? ಕೋಣೆ ತಣ್ಣಗಾಗದು. ಇನ್ನಷ್ಟು ಬಿಸಿಯಾಗುತ್ತದೆ!

ಮುಚ್ಚಳ ಮೇಲಕ್ಕೆ ತೆರೆಯುವ ಪೆಟ್ಟಿಗೆಯೇ ಯಾಕೆ? ತಣ್ಣನೆಯ ಗಾಳಿ ಭಾರ. ಮನೆಯ ನಿಲುವು ಫ್ರಿಜ್ಜಿನ ಬಾಗಿಲು ತೆಗೆದರೆ ಅದು ಕಾಲ ಮೇಲೆ ಸುರಿದುಹೋಗುತ್ತದೆ. ಮೇಲಿನಿಂದ ತೆರೆದರೆ ಒಳಗೇ ಕೂತಿರುತ್ತದೆ!

ಒಂದು ಎಚ್ಚರಿಕೆ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ಕೆಲವು ‘ಕೂಲರ್’ ಪೆಟ್ಟಿಗೆಗಳಲ್ಲಿ ಕಂಪ್ರೆಸರೇ ಇರುವುದಿಲ್ಲ. ಅವು ಓಡುವುದು ಬೇರೆ ಗುಟ್ಟಿನಿಂದ: ಎರಡು ಬಗೆಯ ವಸ್ತು ಸೇರುವಲ್ಲಿ ಕರೆಂಟ್ ಹರಿಸಿದರೆ ಒಂದು ಮಗ್ಗುಲು ತಣ್ಣಗೆ, ಇನ್ನೊಂದು ಮಗ್ಗುಲು ಬಿಸಿ ಆಗುತ್ತದೆ. 1834ರಲ್ಲಿ ಇದನ್ನು ಕಂಡುಹಿಡಿದ ಫ್ರಾನ್ಸಿನ ಪೆಲ್ಟಿಯೆ ಮೊದಲು ಗಡಿಯಾರ ಮಾಡುವ ಕಸುಬಿನವನು! ಅದ್ಭುತವೇ ಸರಿ. ಆದರೆ ಈ ಪೆಟ್ಟಿಗೆ ಹೊರಗಿನ ಬಿಸಿಗಿಂತ ಸುಮಾರು 20 ಡಿಗ್ರಿಯಷ್ಟೇ ಕೆಳಗಿಳಿಯಬಲ್ಲದು. ಊಟಿಯಲ್ಲಿ ಸೊಗಸು. ದೋರನಹಳ್ಳಿಯ 43 ಡಿಗ್ರಿಯಲ್ಲಿ? ಒಳಗೆ 23! ಹಾಲು ಒಡೆಯಲು ಅಷ್ಟು ಸಾಕು. ನಮ್ಮ ಕಡೆಗೆ ಕಂಪ್ರೆಸರ್ ಇರುವ ಫ್ರಿಜ್ಜೇ ಬೇಕು.

ಬೆಂಕಿ ಹಚ್ಚಿ ತಣ್ಣಗೆ ಮಾಡುವ ಫ್ರಿಜ್ ಕೇಳಿದ್ದೀರಾ? ಇತ್ತು, ಈಗಲೂ ಇದೆ! 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್, ಇದನ್ನು ರೂಪಿಸಿದರು. ಕೆಳಗೆ ದೀಪ ಉರಿಯುತ್ತಿದ್ದರೆ ಒಳಗಿನ ಅಮೋನಿಯ ಸುತ್ತು ಹೊಡೆಯುತ್ತದೆ, ಪೆಟ್ಟಿಗೆ ತಣ್ಣಗಾಗುತ್ತದೆ. ಕರೆಂಟ್ ಇಲ್ಲದ ಕಾಲದಲ್ಲಿ ಸೀಮೆಎಣ್ಣೆಯ ಫ್ರಿಜ್ಜುಗಳು ಹೀಗೇ ಓಡಿದವು. ತೊಂದರೆ ಒಂದೇ. ಅದನ್ನು ಸಮತಟ್ಟಾಗಿ ಇಡಬೇಕು. ಸ್ವಲ್ಪ ವಾಲಿದರೂ ಕೆಲಸ ಕೆಡುತ್ತದೆ!

ಇದಕ್ಕೂ ಬೆರಗಿನದು: ಐನ್‌ಸ್ಟೈನ್ ಕೂಡ ಫ್ರಿಜ್ ಕಂಡುಹಿಡಿದಿದ್ದರು! ಹೌದು, ಅದೇ ಆಲ್ಬರ್ಟ್ ಐನ್‌ಸ್ಟೈನ್. ಲಿಯೊ ಸಿಲಾರ್ಡ್ ಎಂಬ ಗೆಳೆಯರೊಡನೆ ಸೇರಿ, ತಿರುಗುವ ಒಂದು ಭಾಗವೂ ಇಲ್ಲದ ಫ್ರಿಜ್ಜಿಗೆ 1930ರಲ್ಲಿ ಅಮೆರಿಕದ ಪೇಟೆಂಟ್ ಪಡೆದರು!

ಈಗ ಪ್ಲೇಟಿನ ಕಡೆ ಬನ್ನಿ. ಬಿಸಿಲು ಹೆಚ್ಚಾದಷ್ಟೂ ಸೋಲಾರ್ ಪ್ಲೇಟಿಗೆ ಖುಷಿ ಅಂದುಕೊಂಡಿರಾ? ತಪ್ಪು! ಅದಕ್ಕೆ ಬೇಕಾದದ್ದು ಬೆಳಕು, ಶಾಖವಲ್ಲ. ಪ್ಲೇಟಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ‘100 ವ್ಯಾಟ್’ ಎಂದಿದ್ದರೆ ಅದು ಪ್ಲೇಟು 25 ಡಿಗ್ರಿಯಲ್ಲಿರುವಾಗಿನ ಲೆಕ್ಕ. ನಮ್ಮ ಮೇ ತಿಂಗಳಲ್ಲಿ ಪ್ಲೇಟು ಕಾದು 70 ಡಿಗ್ರಿಯ ಹತ್ತಿರ ಹೋಗುತ್ತದೆ, ಕೈ ಇಡಲಾಗದು. ಒಂದೊಂದು ಡಿಗ್ರಿ ಏರಿದಂತೆ ನೂರಕ್ಕೆ 0.35ರಿಂದ 0.4ರಷ್ಟು ಕಸುವು ಇಳಿಯುತ್ತದೆ. ಕೂಡಿ ನೋಡಿ. ನೂರರಲ್ಲಿ ಹದಿನಾರು, ಹದಿನೇಳು ವ್ಯಾಟ್ ಬರೀ ಸೆಖೆಗೆ ಹೋಯಿತು!

ಉಪಾಯ ಇದೆ, ಖರ್ಚೂ ಇಲ್ಲ. ಪ್ಲೇಟನ್ನು ತಗಡಿಗೋ ಮಾಳಿಗೆಗೋ ಅಂಟಿಸಿ ಇಡಬೇಡಿ. ಕೆಳಗೆ ಒಂದು ಗೇಣು ಗಾಳಿಯಾಡಲು ಬಿಡಿ. ಅಷ್ಟಕ್ಕೇ ಅದರ ಮೈ ತಣಿಯುತ್ತದೆ!

‘12 ವೋಲ್ಟ್ ಪ್ಲೇಟು’ ಕೊಡುವುದು 12 ವೋಲ್ಟ್ ಅಲ್ಲ! ಅದರ 36 ಬಿಲ್ಲೆಗಳು ಸೇರಿ ಕೆಲಸ ಮಾಡುವಾಗ ಸುಮಾರು 18 ವೋಲ್ಟ್ ಕೊಡುತ್ತವೆ. ಏನೂ ಜೋಡಿಸದೆ ಬರೀ ಮೀಟರ್ ಹಿಡಿದರೆ 21, 22 ತೋರಿಸುತ್ತದೆ. ಅದಕ್ಕೇ ನಡುವೆ ಚಾರ್ಜ್ ಕಂಟ್ರೋಲರ್ ಬೇಕು. ಅಗ್ಗದ ಕಂಟ್ರೋಲರ್ ಈ ಹೆಚ್ಚಿನ ವೋಲ್ಟೇಜನ್ನು ಸುಮ್ಮನೆ ಕಳೆಯುತ್ತದೆ. 100 ವ್ಯಾಟ್ ಪ್ಲೇಟಿನಿಂದ ಬ್ಯಾಟರಿಗೆ ಸೇರುವುದು ಎಪ್ಪತ್ತರ ಚಿಲ್ಲರೆ! ಎಂಪಿಪಿಟಿ ಎಂಬ ಜಾಣ ಕಂಟ್ರೋಲರ್ ಆ ಹೆಚ್ಚುವರಿ ವೋಲ್ಟನ್ನು ಆಂಪಿಯರ್ ಮಾಡಿ ಕೊಡುತ್ತದೆ.

ಪ್ಲೇಟನ್ನು ಯಾವ ದಿಕ್ಕಿಗೆ ಮುಖ ಮಾಡಿಸಬೇಕು? ದಕ್ಷಿಣಕ್ಕೆ, ಎಲ್ಲರಿಗೂ ಗೊತ್ತು. ಆದರೆ ಇದು ಗೊತ್ತೇ? ದೋರನಹಳ್ಳಿ ಇರುವುದು ಸುಮಾರು 16.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಮೊದಲ ವಾರದಲ್ಲಿ ಒಂದು ದಿನ ನಡುಮಧ್ಯಾಹ್ನ ಸೂರ್ಯ ಇಲ್ಲಿ ನೆತ್ತಿಯ ಮೇಲೇ ನಿಲ್ಲುತ್ತಾನೆ. ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ! ಅಲ್ಲಿಂದಾಚೆ ಏನಾಗುತ್ತದೆ? ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ನಮಗೆ ಉತ್ತರದಲ್ಲಿರುತ್ತಾನೆ! ಜೂನ್ 21ರಂದು ಆರೇಳು ಡಿಗ್ರಿ ಉತ್ತರಕ್ಕೆ ಸರಿದಿರುತ್ತಾನೆ. ಆ ಮೂರು ತಿಂಗಳು ನಿಮ್ಮ ಪ್ಲೇಟು ಅವನಿಗೆ ಅರೆಬೆನ್ನು ತೋರಿಸಿ ಕೂತಿರುತ್ತದೆ! ಪರವಾಗಿಲ್ಲ, ನಷ್ಟ ದೊಡ್ಡದಲ್ಲ. ಡಿಸೆಂಬರಿನಲ್ಲಿ ಅವನು ದಕ್ಷಿಣಕ್ಕೆ 40 ಡಿಗ್ರಿ ವಾಲುತ್ತಾನೆ. ವರ್ಷವಿಡೀ ಲೆಕ್ಕ ಹಾಕಿದರೆ 16–17 ಡಿಗ್ರಿ ಓರೆಯೇ ಒಳ್ಳೆಯದು.

ಒಂದು ಬೇವಿನ ಟೊಂಗೆ. ಅದರ ನೆರಳು ಪ್ಲೇಟಿನ ಒಂದು ಮೂಲೆಗೆ ಬಿದ್ದಿದೆ. ಹತ್ತರಲ್ಲಿ ಒಂದು ಪಾಲೂ ಇಲ್ಲ. ಕರೆಂಟ್ ಎಷ್ಟು ಕಡಿಮೆಯಾಗುತ್ತದೆ? ಅರ್ಧಕ್ಕರ್ಧ ಹೋದರೂ ಹೋಯಿತು! ಬಿಲ್ಲೆಗಳೆಲ್ಲ ಒಂದರ ಹಿಂದೊಂದು ಪೋಣಿಸಿದಂತಿವೆ. ಒಂದು ಸೊರಗಿದರೆ ಸಾಲೇ ಸೊರಗುತ್ತದೆ. ಕಾಗೆಯ ಹಿಕ್ಕೆಗೂ ಇದೇ ಲೆಕ್ಕ. ಹತ್ತಿಯ ಧೂಳು, ರಸ್ತೆಯ ಧೂಳು ಕೂತ ಪ್ಲೇಟನ್ನು ಬೆಳಿಗ್ಗೆ ಬಿಸಿಲೇರುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿಬಿಡಿ. ಕಾದ ಗಾಜಿಗೆ ತಣ್ಣೀರು ಎರಚಬೇಡಿ!

ಇನ್ನು ಬರುವುದು ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ. ಪ್ಲೇಟು ಹೊಸದು, ಬ್ಯಾಟರಿ ಹೊಸದು, ಫ್ರಿಜ್ ಹೊಸದು. ಆದರೂ ಫ್ರಿಜ್ ಓಡದು! ಗುರ್ ಎನ್ನುತ್ತದೆ, ನಿಲ್ಲುತ್ತದೆ. ಒಂದು ನಿಮಿಷ ಬಿಟ್ಟು ಮತ್ತೆ ಗುರ್, ಮತ್ತೆ ನಿಲುಗಡೆ. ಕಳ್ಳ ಯಾರು ಗೊತ್ತೇ? ವೈರು! ಬ್ಯಾಟರಿ ಒಂದು ಕಡೆ, ಫ್ರಿಜ್ ಹತ್ತು ಮೀಟರ್ ಆಚೆ, ನಡುವೆ ಮನೆಯ ದೀಪಕ್ಕೆ ಹಾಕುವ 1 ಎಂಎಂ ವೈರು. ಹೋಗಿ ಬರುವ ದಾರಿ 20 ಮೀಟರ್. ಐದು ಆಂಪಿಯರ್ ಹರಿದರೆ ದಾರಿಯಲ್ಲೇ 1.7 ವೋಲ್ಟ್ ಸೋರಿಹೋಗುತ್ತದೆ. ಬ್ಯಾಟರಿಯಲ್ಲಿ 12.1 ಇದ್ದದ್ದು ಫ್ರಿಜ್ಜಿನ ಬಾಯಿಗೆ ಬರುವಾಗ 10.4! ‘ಬ್ಯಾಟರಿ ಖಾಲಿ’ ಎಂದು ತಿಳಿದು ಫ್ರಿಜ್ ನಿಲ್ಲುತ್ತದೆ. ನಿಂತೊಡನೆ ಹರಿವಿಲ್ಲ, ಸೋರಿಕೆಯೂ ಇಲ್ಲ. ವೋಲ್ಟೇಜ್ ಮತ್ತೆ 12.1! ‘ಓಹೋ, ತುಂಬಿದೆ’ ಎಂದು ಮತ್ತೆ ಓಡುತ್ತದೆ. ಹೀಗೇ ಇಡೀ ರಾತ್ರಿ! ಅದೇ ಜಾಗಕ್ಕೆ 4 ಎಂಎಂ ವೈರು ಹಾಕಿ. ನಷ್ಟ ಅರ್ಧ ವೋಲ್ಟೂ ಇಲ್ಲ!

ಮನೆಯ 230 ವೋಲ್ಟಿನಲ್ಲಿ ಈ ರಗಳೆ ಯಾಕಿಲ್ಲ? ಅಷ್ಟೇ ವ್ಯಾಟಿಗೆ ಅಲ್ಲಿ ಹರಿಯುವುದು ಕಾಲು ಆಂಪಿಯರಿಗೂ ಕಡಿಮೆ. ವೋಲ್ಟ್ ಇಳಿದಷ್ಟೂ ವೈರು ದಪ್ಪಗಿರಬೇಕು!

ಆ 10.4 ಎಂಬ ಅಂಕಿ ಎಲ್ಲಿಂದ ಬಂತು? ಡೆನ್ಮಾರ್ಕಿನ ಡ್ಯಾನ್‌ಫಾಸ್ ಎಂಬ ಕಂಪನಿ ರೂಪಿಸಿದ ಬಿಡಿ 35 ಹೆಸರಿನ ಪುಟ್ಟ ಕಂಪ್ರೆಸರಿನಿಂದ. ಲೋಕದ ಎಷ್ಟೋ ಜೀಪು, ದೋಣಿ, ಆಸ್ಪತ್ರೆಗಳ ಫ್ರಿಜ್ಜಿಗೆ ಇದೇ ಎದೆಬಡಿತ. 12 ವೋಲ್ಟಿನ ಬ್ಯಾಟರಿ 10.4ಕ್ಕೆ ಇಳಿದರೆ ತಾನೇ ನಿಲ್ಲುತ್ತದೆ. 11.7ಕ್ಕೆ ಏರಿದರೆ ತಾನೇ ಹೊರಡುತ್ತದೆ. ಬ್ಯಾಟರಿ ಸಾಯದಿರಲಿ ಎಂಬ ಕಾಳಜಿ ಅದು! ಕಾಯಿಲೆ ಬಂದರೆ ಕಣ್ಣು ಮಿಟುಕಿಸಿ ಹೇಳುತ್ತದೆ, ಗೊತ್ತೇ? ಜೋಡಿಸಿದ ಪುಟ್ಟ ದೀಪ ಒಂದು ಸಲ ಮಿಣುಕಿದರೆ ವೋಲ್ಟೇಜ್ ಸಾಲದು. ಎರಡು ಸಲ ಆದರೆ ಫ್ಯಾನಿನ ತೊಂದರೆ. ಐದು ಸಲ ಆದರೆ ‘ಮೈ ಕಾದಿದೆ, ಗಾಳಿ ಬಿಡಿ’ ಎಂದರ್ಥ!

ಮನೆಯಲ್ಲಿರುವ ಹಳೇ ಫ್ರಿಜ್ಜನ್ನೇ ಇನ್ವರ್ಟರ್ ಹಾಕಿ ಓಡಿಸಿದರೆ ಆಗದೇ? ಆಗುತ್ತದೆ, ಆದರೆ ಇದನ್ನು ಕೇಳಿ. ಇನ್ವರ್ಟರ್ ಏನೂ ಕೆಲಸ ಮಾಡದೆ ಸುಮ್ಮನೆ ಆನ್ ಆಗಿ ಕೂತರೂ 10ರಿಂದ 20 ವ್ಯಾಟ್ ತಿನ್ನುತ್ತದೆ. 24 ತಾಸಿಗೆ ಗುಣಿಸಿ. ಕಾಲು ಯೂನಿಟ್ಟಿನಿಂದ ಅರ್ಧ ಯೂನಿಟ್ಟಿನವರೆಗೆ! ಅಂದರೆ ನಮ್ಮ ಪುಟ್ಟ ಫ್ರಿಜ್ ಇಡೀ ದಿನ ಓಡಲು ಬೇಕಾಗುವಷ್ಟನ್ನು ಇನ್ವರ್ಟರ್ ಸುಮ್ಮನೆ ಕೂತೇ ಮುಗಿಸಬಹುದು! ಹಳೇ ಮಾದರಿಯ ಫ್ರಿಜ್ ಶುರುವಾಗುವ ಆ ಒಂದು ಕ್ಷಣಕ್ಕೆ ಎಳೆಯುವ ಕರೆಂಟಂತೂ ಮಾಮೂಲಿಗಿಂತ ಹಲವು ಪಟ್ಟು. ಹೊಲಕ್ಕೆ ನೇರ ಬ್ಯಾಟರಿಯಿಂದ ಓಡುವ ಡಿಸಿ ಫ್ರಿಜ್ಜೇ ಸರಿ, ಸಂಶಯವೇ ಇಲ್ಲ.

ಬ್ಯಾಟರಿಯ ಮೇಲೆ 100 ಎಎಚ್, ಅಂದರೆ ಆಂಪಿಯರ್‌ಅವರ್, ಎಂದು ಬರೆದಿದೆ. ನೂರೂ ನಿಮ್ಮದೇ? ಟ್ರ್ಯಾಕ್ಟರ್, ಇನ್ವರ್ಟರ್‌ಗಳಿಗೆ ಹಾಕುವ ಸೀಸದ ಬ್ಯಾಟರಿಯಾದರೆ ಅರ್ಧ ಮಾತ್ರ! ಐವತ್ತಕ್ಕಿಂತ ಹೆಚ್ಚು ಹೀರುತ್ತ ಹೋದರೆ ಅದರ ಆಯಸ್ಸು ಸವೆಯುತ್ತದೆ. ಸೆಖೆಯೂ ಅದಕ್ಕೆ ಶತ್ರು. 25 ಡಿಗ್ರಿಯಿಂದಾಚೆ ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧಕ್ಕಿಳಿಯುತ್ತದೆ ಎನ್ನುವುದು ಬ್ಯಾಟರಿ ಬಲ್ಲವರ ಲೆಕ್ಕ. ತಗಡಿನ ಶೆಡ್ಡಿನಲ್ಲಿ ಇಡಬೇಡಿ. ಮಣ್ಣಿನ ಮಾಳಿಗೆ ಮನೆಯ ತಂಪು ಮೂಲೆಯಲ್ಲಿಡಿ. ನಮ್ಮ ಹಿರಿಯರ ದಪ್ಪ ಗೋಡೆ ಈಗ ಬ್ಯಾಟರಿಗೂ ಆಸರೆ!

ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿ ಬೇರೆಯೇ ಜಾತಿ. ನೂರರಲ್ಲಿ ಎಂಬತ್ತು, ತೊಂಬತ್ತು ಬಳಸಬಹುದು. ತುಂಬಿ ಬರಿದಾಗುವ ಸುತ್ತು ಸಾವಿರಗಟ್ಟಲೆ ತಾಳುತ್ತದೆ. ಇದನ್ನು ಲೋಕಕ್ಕೆ ತೋರಿಸಿಕೊಟ್ಟ ಪ್ರಬಂಧ ಪ್ರಕಟವಾದದ್ದು 1997ರಲ್ಲಿ, ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದಿಂದ. ಬರೆದವರ ಹೆಸರು ಓದಿ: ಎ.ಕೆ. ಪಾಧಿ, ಕೆ.ಎಸ್. ನಂಜುಂಡಸ್ವಾಮಿ, ಜೆ.ಬಿ. ಗುಡ್‌ಇನಫ್! ಕಣ್ಣರಳಿತೇ? ನಂಜುಂಡಸ್ವಾಮಿ! ನಂಜನಗೂಡಿನ ದೇವರ ಹೆಸರು ಈ ಬ್ಯಾಟರಿಯ ಹುಟ್ಟಿನಲ್ಲೇ ಇದೆ! ಮೂರನೆಯವರಾದ ಗುಡ್‌ಇನಫ್ ಅವರಿಗೆ ಲಿಥಿಯಂ ಬ್ಯಾಟರಿಯ ಕೆಲಸಕ್ಕಾಗಿ 2019ರಲ್ಲಿ ನೊಬೆಲ್ ಬಂತು. ಆಗ ಅವರ ವಯಸ್ಸು ಎಷ್ಟು? 97! ಅಷ್ಟು ವಯಸ್ಸಿನಲ್ಲಿ ನೊಬೆಲ್ ಪಡೆದವರು ಇನ್ನೊಬ್ಬರಿಲ್ಲ.

ಹಾಗಾದರೆ ದೋರನಹಳ್ಳಿಗೆ ಎಷ್ಟು ಬೇಕು? ಈ ಕಡೆಯ ಬಿಸಿಲು ದಿನಕ್ಕೆ ಐದೂವರೆ ತಾಸಿನ ತುಂಬು ಬಿಸಿಲಿಗೆ ಸಮ. 200 ವ್ಯಾಟ್ ಪ್ಲೇಟು ಹಾಕಿ. ಸೆಖೆ, ಧೂಳು, ವೈರಿನ ನಷ್ಟ ಎಲ್ಲ ಕಳೆದರೂ ದಿನಕ್ಕೆ ಮುಕ್ಕಾಲು ಯೂನಿಟ್ ಬರುತ್ತದೆ. ಫ್ರಿಜ್ಜಿಗೆ ಅರ್ಧ ಸಾಕು. 100 ಎಎಚ್ ಲಿಥಿಯಂ ಬ್ಯಾಟರಿಯಲ್ಲಿ ಒಂದೂಕಾಲು ಯೂನಿಟ್ ಹಿಡಿಯುತ್ತದೆ. ಎರಡು ದಿನ ಮೋಡ ಕವಿದರೂ ಚಿಂತೆಯಿಲ್ಲ! ಇದರಲ್ಲೊಂದು ಸೊಗಸು ನೋಡಿ. ತಂಪು ಅತಿ ಹೆಚ್ಚು ಬೇಕಾಗುವ ತಿಂಗಳುಗಳಲ್ಲೇ ಬಿಸಿಲೂ ಅತಿ ಹೆಚ್ಚು. ಬೇಡಿಕೆಯೂ ಪೂರೈಕೆಯೂ ಒಂದೇ ಸೂರ್ಯನಿಂದ!

ಸೋಲಾರ್ ಮತ್ತು ಬ್ಯಾಟರಿಯ ಜೋಡಿ ಬಾಹ್ಯಾಕಾಶಕ್ಕೂ ಹೋಗಿದೆ. 1958ರ ಮಾರ್ಚ್ 17ರಂದು ಅಮೆರಿಕ ಹಾರಿಸಿದ ವ್ಯಾನ್‌ಗಾರ್ಡ್ 1 ಎಂಬ ಪುಟಾಣಿ ಉಪಗ್ರಹದಲ್ಲಿ ಎರಡೂ ಇದ್ದವು. ಬ್ಯಾಟರಿ ಮೂರು ತಿಂಗಳಿಗೇ ಮುಗಿಯಿತು. ಸೋಲಾರ್ ಬಿಲ್ಲೆಗಳು 1964ರವರೆಗೂ ಸದ್ದು ಕಳಿಸಿದವು! ಆ ಉಪಗ್ರಹ ಈಗಲೂ ನಮ್ಮ ತಲೆಯ ಮೇಲೆ ಸುತ್ತುತ್ತಿದೆ!

ಬ್ಯಾಟರಿಯೇ ಮೊದಲು ಸೋಲುವುದಾದರೆ ಬ್ಯಾಟರಿಯೇ ಬೇಡ ಎಂದರೆ ಹೇಗೆ? ಇಲ್ಲಿದೆ ನೋಡಿ ನಿಜವಾದ ಮಜಾ. ಒಂದು ಕಿಲೊ ಮಂಜುಗಡ್ಡೆ ಕರಗಿ ನೀರಾಗುವಾಗ ಹೀರುವ ಶಾಖ ಎಷ್ಟು? 93 ವ್ಯಾಟ್‌ಅವರ್! ಕಂಪ್ಯೂಟರಿನ ಯುಪಿಎಸ್ ಒಳಗಿನ 12 ವೋಲ್ಟ್, 7 ಎಎಚ್ ಬ್ಯಾಟರಿಯಲ್ಲಿರುವುದು 84 ಮಾತ್ರ. ಅದರ ತೂಕ ಎರಡು ಕಿಲೊಗೂ ಹೆಚ್ಚು, ಬೆಲೆ ನೂರಾರು ರೂಪಾಯಿ. ಒಂದು ಲೀಟರ್ ನೀರಿನ ಬೆಲೆ? ಬಾವಿಯದು!

ಅದಕ್ಕೇ ಬಲ್ಲವರು ಬ್ಯಾಟರಿ ದೊಡ್ಡದು ಮಾಡುವುದಕ್ಕೆ ಮೊದಲು ಐಸ್ ಮಾಡುತ್ತಾರೆ. ನನ್ನ ಮಾತೂ ಅದೇ. ಹಗಲು ಬಿಸಿಲು ಹರಿದು ಹೋಗುವಾಗ ಫ್ರೀಜರಿನಲ್ಲಿ ನಾಲ್ಕೈದು ನೀರಿನ ಬಾಟಲಿ ಗಟ್ಟಿಯಾಗಿಸಿ. ಸಂಜೆ ಅವನ್ನು ಹಾಲು, ತರಕಾರಿಯ ನಡುವೆ ಇಡಿ. ಪೆಟ್ಟಿಗೆಯ ದಪ್ಪ ಗೋಡೆ ಚೆನ್ನಾಗಿದ್ದರೆ ಬೆಳಗಿನವರೆಗೆ ಕಂಪ್ರೆಸರ್ ಏಳುವುದೇ ಅಪರೂಪ. ಬಿಸಿಲನ್ನು ಬಾಟಲಿಯಲ್ಲಿ ತುಂಬಿಟ್ಟ ಹಾಗಾಯಿತಲ್ಲ! ಬಾಟಲಿ ಮಾತ್ರ ಕತ್ತಿನವರೆಗೆ ತುಂಬಿಸಬೇಡಿ. ನೀರು ಗಡ್ಡೆಯಾಗುವಾಗ ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ಒಡೆದೀತು!

ಇದೇ ಉಪಾಯವನ್ನು ನಾಸಾದವರು ಹಿಡಿದರು. ಹ್ಯೂಸ್ಟನ್ನಿನ ಜಾನ್ಸನ್ ಬಾಹ್ಯಾಕಾಶ ಕೇಂದ್ರದ ಎಂಜಿನಿಯರುಗಳು ಬ್ಯಾಟರಿಯೇ ಇಲ್ಲದ ಸೋಲಾರ್ ಫ್ರಿಜ್ ಮಾಡಿದರು. ಬಿಸಿಲಿದ್ದಾಗ ಪ್ಲೇಟಿನಿಂದ ನೇರ ಕಂಪ್ರೆಸರ್ ಓಡುತ್ತದೆ, ಗೋಡೆಯೊಳಗಿನ ದ್ರವ ಹೆಪ್ಪುಗಟ್ಟುತ್ತದೆ. ರಾತ್ರಿಯಿಡೀ ಆ ಹೆಪ್ಪು ಕರಗುತ್ತ ತಂಪು ಕಾಯುತ್ತದೆ. ಚಂದ್ರನಿಗೆಂದು ಕುಳಿತು ಯೋಚಿಸುವವರ ಕೈಚಳಕ ಹಳ್ಳಿಯ ಫ್ರಿಜ್ಜಿಗೆ ಇಳಿಯಿತು!

ನೀರು ಯಾವ ಉಷ್ಣತೆಯಲ್ಲಿ ಅತಿ ಭಾರ? ಸೊನ್ನೆಯಲ್ಲಿ ಅಲ್ಲ, 4 ಡಿಗ್ರಿಯಲ್ಲಿ! ಲಸಿಕೆಗೆ ಬೇಕಾದ ಉಷ್ಣತೆ ಎಷ್ಟು? 2ರಿಂದ 8. ಎಂಥ ಹೊಂದಾಣಿಕೆ! ಬ್ರಿಟನ್ನಿನ ವೇಲ್ಸ್‌ನಲ್ಲಿ ಹುಟ್ಟಿದ ‘ಶ್ಯೂರ್ ಚಿಲ್’ ಎಂಬ ವಿಧಾನ ಇದನ್ನೇ ಬಳಸುತ್ತದೆ. ಮಂಜುಗಡ್ಡೆ ಮೇಲೆ ತೇಲುತ್ತಿರುತ್ತದೆ. 4 ಡಿಗ್ರಿಯ ಭಾರದ ನೀರು ತಾನಾಗಿ ಕೆಳಗಿಳಿದು ಲಸಿಕೆಯ ಅರೆಯನ್ನು ಸುತ್ತುವರಿಯುತ್ತದೆ. ಕರೆಂಟ್ ಹೋದರೂ ದಿನಗಟ್ಟಲೆ ಅದೇ ತಂಪು. ನಮ್ಮ ದೇಶದಲ್ಲಿ ಗೋದ್ರೆಜ್ ಇಂಥ ಫ್ರಿಜ್ಜುಗಳನ್ನು ತಯಾರಿಸಿದೆ!

ಲಸಿಕೆ ಕೆಡುವುದು ಸೆಖೆಗೆ ಎಂದು ಎಲ್ಲರಿಗೂ ಗೊತ್ತು. ಆದರೆ ಅತಿ ತಂಪಿಗೂ ಕೆಡುತ್ತದೆ, ಗೊತ್ತೇ? ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಧನುರ್ವಾಯುವಿನ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಮುಗಿಯಿತು, ಎಸೆಯಬೇಕು. ಬಾಯಿಗೆ ಹಾಕುವ ಪೋಲಿಯೊ ಹನಿ ಮಾತ್ರ ಹೆಪ್ಪುಗಟ್ಟಿಯೇ ಚೆನ್ನಾಗಿರುತ್ತದೆ! ಹೆಪ್ಪುಗಟ್ಟಿ ಕರಗಿದ ಶೀಶೆಯನ್ನು ಕಂಡುಹಿಡಿಯುವುದು ಹೇಗೆ? ಕುಲುಕಿ ಇಡುತ್ತಾರೆ. ಒಳ್ಳೆಯದಾದರೆ ಒಂದೇ ಸಮನೆ ಮಸುಕಾಗಿ ನಿಲ್ಲುತ್ತದೆ. ಕೆಟ್ಟದ್ದಾದರೆ ಚೂರುಚೂರಾಗಿ ಬೇಗ ತಳಕ್ಕಿಳಿಯುತ್ತದೆ!

ಊರಿಗೆ ಬರುವ ನರ್ಸಮ್ಮನ ಹೆಗಲಿನ ನೀಲಿ ಡಬ್ಬಿ ನೋಡಿದ್ದೀರಲ್ಲ? ಒಳಗೆ ನಾಲ್ಕು ಬದಿಗೆ ನಾಲ್ಕು ಐಸ್‌ಪ್ಯಾಕು. ಅವನ್ನು ಫ್ರೀಜರಿನಿಂದ ತೆಗೆದು ಹಾಗೇ ತುಂಬುವಂತಿಲ್ಲ! ಹೊರಗೆ ಸಾಲಾಗಿ ಇಟ್ಟು ಕಾಯಬೇಕು. ಮೈ ಬೆವರಬೇಕು. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರೆ ಒಳಗೆ ನೀರು ಗುಳುಗುಳು ಎನ್ನಬೇಕು. ಆ ಸದ್ದು ಬಂತೆಂದರೆ ಪ್ಯಾಕು ಸೊನ್ನೆಗೆ ಬಂದಿದೆ, ಲಸಿಕೆ ಹೆಪ್ಪುಗಟ್ಟುವ ಭಯವಿಲ್ಲ. ಯಂತ್ರ ಬೇಡ, ಮೀಟರ್ ಬೇಡ. ಕಿವಿಯೇ ಥರ್ಮಾಮೀಟರ್! ಇಂಥ ಕೆಲಸವನ್ನು ಬಿರುಬಿಸಿಲಲ್ಲಿ ಸದ್ದಿಲ್ಲದೆ ಮಾಡುವವರನ್ನು ಕಂಡರೆ ಕೈಮುಗಿಯಬೇಕು ಅನ್ನಿಸುತ್ತದೆ ನನಗೆ.

ಸುರಪುರದ ಕಡೆ ಕೃಷ್ಣೆಯ ನಡುವೆ ನೀಲಕಂಠರಾಯನಗಡ್ಡೆ ಎಂಬ ನಡುಗಡ್ಡೆ ಊರಿದೆ. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟು ಹೊಳೆ ಉಕ್ಕಿದರೆ ಊರಿನ ದಾರಿ ಕಡಿದುಹೋಗುತ್ತಿತ್ತು. ಇಂಥ ಜಾಗಕ್ಕೆ ಬಿಸಿಲಿನ ಫ್ರಿಜ್ ಎಂದರೆ ಶೋಕಿಯಲ್ಲ, ಅಗತ್ಯ!

ಕೆನ್ಯಾದಲ್ಲಿ ಇನ್ನೂ ಮುಂದೆ ಹೋಗಿದ್ದಾರೆ. ರಸ್ತೆಯಿಲ್ಲದ ಮರಳುಗಾಡಿನಲ್ಲಿ ಒಂಟೆಯ ಬೆನ್ನಿಗೆ ಸೋಲಾರ್ ಪ್ಲೇಟು ಕಟ್ಟಿ, ಫ್ರಿಜ್ ಹೊರಿಸಿದ್ದಾರೆ. ಲಸಿಕೆ ತಣ್ಣಗೆ ಕೂತು ಒಂಟೆಸವಾರಿ ಮಾಡಿದೆ!

ಅಷ್ಟು ದೂರ ಯಾಕೆ, ನಮ್ಮ ರಾಜ್ಯದಲ್ಲೇ ನೋಡಿ. ಹರೀಶ್ ಹಂದೆ 1995ರಲ್ಲಿ ಬೆಂಗಳೂರಿನಲ್ಲಿ ‘ಸೆಲ್ಕೋ’ ಎಂಬ ಸೋಲಾರ್ ಕಂಪನಿ ಆರಂಭಿಸಿದವರಲ್ಲಿ ಒಬ್ಬರು. ಬಡವರು ಸೋಲಾರ್ ಕೊಳ್ಳಲಾರರು ಎಂಬ ಮಾತನ್ನು ಸುಳ್ಳು ಮಾಡಿ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ಈಗ ಸೆಲ್ಕೋ ಫೌಂಡೇಷನ್ ಮತ್ತು ರಾಜ್ಯದ ಆರೋಗ್ಯ ಇಲಾಖೆ ಸೇರಿ ‘ಸೌರ ಸ್ವಾಸ್ಥ್ಯ’ ಹೆಸರಿನಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳ ಮಾಳಿಗೆಗೆ ಪ್ಲೇಟು ಏರಿಸುತ್ತಿವೆ. ಹೆರಿಗೆ ಕೋಣೆಯ ದೀಪ, ಮಗುವನ್ನು ಬೆಚ್ಚಗಿಡುವ ಯಂತ್ರ, ಲಸಿಕೆಯ ಫ್ರಿಜ್. ಒಂದೇ ಬಿಸಿಲಿನಿಂದ ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಣ್ಣಗೆ!

ಕುರಿಗಾಹಿಗಳಿಗೂ ಫ್ರಿಜ್ ಬೇಕು ಎಂದರೆ ನಗುತ್ತೀರಾ? ಕುರಿ ಮೇಕೆಗಳಿಗೆ ಬರುವ ಪಿಪಿಆರ್ ಎಂಬ ಮಾರಕ ರೋಗದ ಲಸಿಕೆ ಪುಡಿಯ ರೂಪದಲ್ಲಿ ಬರುತ್ತದೆ, ತಂಪಿನಲ್ಲೇ ಇರಬೇಕು. ಹಟ್ಟಿಗೆ ತಂದು ದ್ರವದಲ್ಲಿ ಕಲಸಿದ ಮೇಲೆ ಸುಮಾರು ಎರಡು ತಾಸಿನೊಳಗೆ ಚುಚ್ಚಿ ಮುಗಿಸಬೇಕು. ಕುರಿಗಳೋ ನೂರಾರು, ಬಿಸಿಲೋ 40 ಡಿಗ್ರಿ! ಮಂದೆಯ ಪಕ್ಕದಲ್ಲೇ ಒಂದು ತಂಪು ಪೆಟ್ಟಿಗೆ ಇದ್ದರೆ ಒಂದೊಂದೇ ಶೀಶೆ ತೆಗೆದು ಕಲಸಬಹುದು.

ಮಣ್ಣಿನ ಕೊಡವನ್ನು ಮರೆಯುವುದುಂಟೇ! ಒಂದು ಲೀಟರ್ ನೀರು ಕೊಡದ ಮೈಯಿಂದ ಆರಿಹೋದರೆ ಅದು ಒಯ್ಯುವ ಶಾಖ ಸುಮಾರು 670 ವ್ಯಾಟ್‌ಅವರ್. ಒಂದು ಕಿಲೊ ಐಸಿನ ಏಳು ಪಟ್ಟು! ಗುಜರಾತಿನ ವಾಂಕಾನೇರಿನ ಮನಸುಖಭಾಯಿ ಪ್ರಜಾಪತಿ ಇದೇ ಗುಟ್ಟಿನಿಂದ ಕರೆಂಟಿಲ್ಲದ ಮಣ್ಣಿನ ಫ್ರಿಜ್ಜನ್ನೇ ಮಾಡಿದರು, ‘ಮಿಟ್ಟಿಕೂಲ್’ ಎಂದು ಹೆಸರಿಟ್ಟರು. ಟೊಮೆಟೊ, ಸೊಪ್ಪಿಗೆ ಬಲು ಚೆಂದ. ಆದರೆ ಒಣ ಗಾಳಿಯಲ್ಲಷ್ಟೇ ಇದರ ಆಟ. ಬೇಸಿಗೆಯಲ್ಲಿ ತಣ್ಣಗೆ, ಮಳೆಗಾಲದಲ್ಲಿ ಉಗುರುಬೆಚ್ಚಗೆ! 8 ಡಿಗ್ರಿಗೆ ಇಳಿಸುವುದಂತೂ ಅದರಿಂದಾಗದು. ಅದಕ್ಕೆ ಕಂಪ್ರೆಸರೇ ಬೇಕು.

ಕೊನೆಗೊಂದು. ಫ್ರಿಜ್ ಸರಿಯಾಗಿ ಓಡಿತೋ, ನಡುವೆ ಎಲ್ಲಾದರೂ ಲಸಿಕೆಗೆ ಸೆಖೆ ತಗುಲಿತೋ ಎಂದು ನೀವೇ ಪರೀಕ್ಷಿಸಬಹುದು, ಗೊತ್ತೇ? ಲಸಿಕೆಯ ಶೀಶೆಯ ಚೀಟಿ ನೋಡಿ. ಒಂದು ವೃತ್ತ, ಅದರೊಳಗೆ ಪುಟ್ಟ ಚೌಕ. 1996ರಲ್ಲಿ ಪೋಲಿಯೊ ಹನಿಯ ಶೀಶೆಗಳಿಂದ ಶುರುವಾದ ಗುರುತು ಇದು. ಚೌಕದ ಬಣ್ಣ ಶಾಖ ತಗುಲಿದಷ್ಟೂ ಕಪ್ಪಾಗುತ್ತ ಹೋಗುತ್ತದೆ, ಒಮ್ಮೆ ಕಪ್ಪಾದರೆ ಮತ್ತೆ ತಿಳಿಯಾಗದು. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಬಳಸಬಹುದು. ಎರಡೂ ಒಂದೇ ಬಣ್ಣವಾದರೆ ಬೇಡ! ಫ್ಯಾಕ್ಟರಿಯಿಂದ ನಿಮ್ಮೂರಿನ ಅಂಗನವಾಡಿಯವರೆಗೆ ಆ ಶೀಶೆ ತಿಂದ ಒಟ್ಟು ಬಿಸಿಲಿನ ಲೆಕ್ಕ ಆ ಒಂದು ಚುಕ್ಕಿಯಲ್ಲಿದೆ. ಮುಂದಿನ ಸಲ ಮಗುವಿಗೆ ಲಸಿಕೆ ಹಾಕಿಸಲು ಹೋದಾಗ ‘ಅಕ್ಕಾರೆ, ಶೀಶೆ ಒಂಚೂರು ತೋರಿಸ್ರಿ’ ಎಂದು ಕೇಳಿ ನೋಡಿ!